ಎಲ್ಲರೂ ಮೆಚ್ಚಿದ ಚಿತ್ರವನ್ನು ಬಿಟ್ಟು ಬೇರೊಂದಕ್ಕೆ ಆಸ್ಕರ್ ಹೇಗೆ ಹೋಗುತ್ತದೆ?

ಓದುಗರ ಪ್ರಶ್ನೆ: ಪ್ರತಿ ವರ್ಷ ಸೋಮವಾರ ನಸುಕಿನಲ್ಲೇ ಎದ್ದು ಆಸ್ಕರ್ ನೇರಪ್ರಸಾರ ನೋಡುತ್ತೇವೆ. ಕೊನೆಯ ಲಕೋಟೆ ತೆರೆದಾಗ ಬಹಳ ಸಲ ನಿರಾಸೆಯೇ. ವಿಮರ್ಶಕರೂ ಪ್ರೇಕ್ಷಕರೂ ತಿಂಗಳುಗಟ್ಟಲೆ ಕೊಂಡಾಡಿದ ಚಿತ್ರ ಸೋತು ಇನ್ಯಾವುದೋ ಗೆದ್ದಿರುತ್ತದೆ. ಎಣಿಕೆಯಲ್ಲಿ ಮಸಲತ್ತು ನಡೆಯುತ್ತದೆಯೇ? ನೋಡುವವರ ಅಭಿಪ್ರಾಯಕ್ಕೆ ಅಲ್ಲಿ ಬೆಲೆಯೇ ಇಲ್ಲವೇ?

ಉತ್ತರ: ಮಸಲತ್ತು ನಡೆಯುವುದಿಲ್ಲ. ಆದರೂ ನಿಮ್ಮ ನಿರಾಸೆ ಸುಮ್ಮನೆ ಹುಟ್ಟಿದ್ದಲ್ಲ. ಅದರ ಕಾರಣ ಎಣಿಕೆಯ ಕ್ರಮದಲ್ಲೇ ಇದೆ. ಅತ್ಯುತ್ತಮ ಚಿತ್ರ ಪ್ರಶಸ್ತಿಯ ಕೊನೆಯ ಸುತ್ತಿನಲ್ಲಿ, ಹೆಚ್ಚು ಜನ ತಲೆಯ ಮೇಲೆ ಹೊತ್ತುಕೊಂಡ ಚಿತ್ರವೇ ಗೆಲ್ಲಬೇಕೆಂದಿಲ್ಲ. ಕೆಲವರಿಗಷ್ಟೇ ಮೊದಲ ಆಯ್ಕೆಯಾಗಿದ್ದು, ಉಳಿದವರಿಗೂ ಬೇಡವಾಗದ ಚಿತ್ರ ಅದನ್ನು ಹಿಂದೆ ಹಾಕಬಹುದು.

ಮೊದಲು, ಮತ ಹಾಕುವವರು ಯಾರು ಎಂಬುದು. ನಮ್ಮ ರಾಷ್ಟ್ರಪ್ರಶಸ್ತಿಗೆ ತೀರ್ಪುಗಾರರ ಮಂಡಳಿ ಇರುತ್ತದೆ. ಕೆಲವೇ ಜನ ಒಟ್ಟಿಗೆ ಚಿತ್ರಗಳನ್ನು ನೋಡಿ, ಚರ್ಚಿಸಿ, ವಾದ ಮಾಡಿ ಒಂದು ನಿರ್ಧಾರಕ್ಕೆ ಬರುತ್ತಾರೆ. ಆಸ್ಕರ್‌ನಲ್ಲಿ ಅಂಥ ಮಂಡಳಿ ಇಲ್ಲ, ಚರ್ಚೆಯೂ ಇಲ್ಲ. ಅಮೆರಿಕದ ಚಲನಚಿತ್ರ ಅಕಾಡೆಮಿಯ ಸುಮಾರು ಹತ್ತು ಸಾವಿರ ಸದಸ್ಯರು ತಂತಮ್ಮ ಮನೆಯಲ್ಲಿ ಕುಳಿತು ಆನ್‌ಲೈನ್‌ನಲ್ಲಿ ಮತ ಹಾಕುತ್ತಾರೆ. ನಟರು, ಛಾಯಾಗ್ರಾಹಕರು, ಸಂಕಲನಕಾರರು, ಧ್ವನಿ ತಂತ್ರಜ್ಞರು ಹೀಗೆ ಕಸುಬಿಗೊಂದು ಶಾಖೆ. ‘ಆಸ್ಕರ್‌ನವರು ಹೀಗೆ ಮಾಡಿದರು’ ಎಂದು ನಾವು ಅನ್ನುತ್ತೇವಾದರೂ, ಹಾಗೆ ಕೂತು ತೀರ್ಮಾನಿಸಿದ ಒಂದು ಗುಂಪು ಎಲ್ಲೂ ಇರುವುದಿಲ್ಲ. ಫಲಿತಾಂಶ ಚುನಾವಣೆಯದು, ಮತ್ತು ಚುನಾವಣೆಯಲ್ಲಿ ಎಣಿಕೆಯ ನಿಯಮ ಬದಲಾದರೆ ಗೆಲ್ಲುವವರೂ ಬದಲಾಗುತ್ತಾರೆ.

ಆ ನಿಯಮ ಕರ್ನಾಟಕದವರಿಗೆ ಹೊಸದಲ್ಲ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಎಣಿಕೆ ದಿನ ‘ಮೊದಲ ಪ್ರಾಶಸ್ತ್ಯದ ಮತದಲ್ಲಿ ಯಾರಿಗೂ ಗೆಲುವಿಲ್ಲ, ಎರಡನೇ ಪ್ರಾಶಸ್ತ್ಯದ ಮತ ಎಣಿಕೆ ಮುಂದುವರಿದಿದೆ’ ಎಂಬ ಸುದ್ದಿ ಓದಿರುತ್ತೀರಿ. ಅತ್ಯುತ್ತಮ ಚಿತ್ರವನ್ನು ಆರಿಸುವುದೂ ಹಾಗೆಯೇ. ಕಣದಲ್ಲಿರುವ ಹತ್ತು ಚಿತ್ರಗಳನ್ನು ಸದಸ್ಯರು 1ರಿಂದ 10ರವರೆಗೆ ಕ್ರಮವಾಗಿ ಗುರುತಿಸುತ್ತಾರೆ. ಯಾವ ಚಿತ್ರಕ್ಕೂ ಅರ್ಧಕ್ಕಿಂತ ಹೆಚ್ಚು ಮೊದಲ ಪ್ರಾಶಸ್ತ್ಯ ಸಿಗದಿದ್ದರೆ, ಎಲ್ಲಕ್ಕಿಂತ ಕಡಿಮೆ ಮತ ಪಡೆದ ಚಿತ್ರವನ್ನು ಕಣದಿಂದ ತೆಗೆಯುತ್ತಾರೆ. ಅದಕ್ಕೆ ಬಿದ್ದ ಮತಪತ್ರಗಳು ಅವುಗಳಲ್ಲಿ ಬರೆದ ಮುಂದಿನ ಪ್ರಾಶಸ್ತ್ಯದ ಚಿತ್ರಕ್ಕೆ ಸೇರುತ್ತವೆ. ಆ ಚಿತ್ರವೂ ಆಗಲೇ ಹೊರಬಿದ್ದಿದ್ದರೆ ಅದರ ಮುಂದಿನದಕ್ಕೆ. ಒಂದು ಚಿತ್ರ ಅರ್ಧ ದಾಟುವವರೆಗೂ ಇದು ನಡೆಯುತ್ತದೆ.

ಲೆಕ್ಕ ಹಾಕಿ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ನೂರು ಮತದಾರರು, ಕ, ಖ, ಗ, ಘ ಎಂಬ ನಾಲ್ಕು ಚಿತ್ರಗಳು ಎಂದಿಟ್ಟುಕೊಳ್ಳಿ. ಗೆಲ್ಲಲು 51 ಮತ ಬೇಕು. ಮೊದಲ ಪ್ರಾಶಸ್ತ್ಯದಲ್ಲಿ ಕ ಚಿತ್ರಕ್ಕೆ 36, ಖ ಚಿತ್ರಕ್ಕೆ 28, ಗ ಚಿತ್ರಕ್ಕೆ 22, ಘ ಚಿತ್ರಕ್ಕೆ 14. ಘ ಹೊರಗೆ. ಅದರ 14 ಮತಪತ್ರಗಳಲ್ಲಿ ಎರಡನೇ ಪ್ರಾಶಸ್ತ್ಯ ನೋಡಿದರೆ ಕ ಚಿತ್ರಕ್ಕೆ 2, ಖ ಚಿತ್ರಕ್ಕೆ 8, ಗ ಚಿತ್ರಕ್ಕೆ 4. ಈಗ ಕ 38, ಖ 36, ಗ 26. ಗ ಕೂಡ ಹೊರಗೆ. ಅದರ 26ರಲ್ಲಿ 7 ಮಾತ್ರ ಕ ಚಿತ್ರಕ್ಕೆ ಹೋಗಿ, 19 ಖ ಚಿತ್ರಕ್ಕೆ ಹೋದವು ಎನ್ನಿ. ಕೊನೆಗೆ ಕ 45, ಖ 55. ಎರಡು ಸುತ್ತು ಮುಂದಿದ್ದ ಕ ಸೋತಿತು. ಅದನ್ನು ಮೆಚ್ಚಿದವರು ಮನಸಾರೆ ಮೆಚ್ಚಿದ್ದರು, ಮೆಚ್ಚದವರು ಪಟ್ಟಿಯ ತಳಕ್ಕೆ ತಳ್ಳಿದ್ದರು. ಖ ಚಿತ್ರ ಬಹಳ ಜನರ ಎರಡನೆಯ, ಮೂರನೆಯ ಆಯ್ಕೆಯಾಗಿತ್ತು.

ಪ್ರಸಾರ ನೋಡುವವರಿಗೆ ಈ ಸುತ್ತುಗಳು ಕಾಣುವುದಿಲ್ಲ. ಅಕಾಡೆಮಿ ಮತಗಳ ಸಂಖ್ಯೆಯನ್ನು ಬಹಿರಂಗ ಮಾಡುವುದೇ ಇಲ್ಲ, ಗೆದ್ದವರ ಹೆಸರಷ್ಟೇ ಹೊರಬರುತ್ತದೆ. ಆದರೂ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿದರೆ ನಿಯಮದ ಗುರುತು ಕಾಣಿಸುತ್ತದೆ. 2022ರಲ್ಲಿ ‘ದ ಪವರ್ ಆಫ್ ದ ಡಾಗ್’ 12 ನಾಮನಿರ್ದೇಶನ ಪಡೆದು ಗೆದ್ದದ್ದು ಒಂದೇ, ಜೇನ್ ಕ್ಯಾಂಪಿಯನ್ ಅವರ ನಿರ್ದೇಶನಕ್ಕೆ. ಅತ್ಯುತ್ತಮ ಚಿತ್ರವಾದದ್ದು ಮೂರೇ ನಾಮನಿರ್ದೇಶನವಿದ್ದ ‘ಕೋಡಾ’. ನಿರ್ದೇಶನದ ಪಟ್ಟಿಯಲ್ಲಾಗಲಿ ಸಂಕಲನದ ಪಟ್ಟಿಯಲ್ಲಾಗಲಿ ಅದರ ಹೆಸರೇ ಇರಲಿಲ್ಲ. ಮೊದಲನೆಯದು ಬಿಗಿಯಾದ, ಪ್ರೇಕ್ಷಕರನ್ನು ದೂರವೇ ನಿಲ್ಲಿಸುವ ಚಿತ್ರ. ಎರಡನೆಯದನ್ನು ನೋಡಿ ಬೇಸರಪಟ್ಟವರು ಕಡಿಮೆ. 2019ರಲ್ಲೂ ಹೀಗೆಯೇ ಆಯಿತು. ‘ರೋಮಾ’ದ ಅಲ್ಫೊನ್ಸೊ ಕುಆರೋನ್‌ಗೆ ನಿರ್ದೇಶನದ ಪ್ರಶಸ್ತಿ ಬಂತು, ಚಿತ್ರಪ್ರಶಸ್ತಿ ‘ಗ್ರೀನ್ ಬುಕ್’ಗೆ ಹೋಯಿತು. ಅಂದು ಎದ್ದ ಆಕ್ರೋಶ ದೊಡ್ಡದು. ಗ್ರೀನ್ ಬುಕ್ ಆ ಮನ್ನಣೆಗೆ ತಕ್ಕ ಚಿತ್ರವಲ್ಲ ಎಂಬುದೇ ನಮ್ಮ ಅಭಿಪ್ರಾಯ ಕೂಡ. ಆದರೆ ಅದು ಮೋಸದ ಫಲವಲ್ಲ, ಈ ಎಣಿಕೆ ಕೊಡಬಹುದಾದ ಸಹಜ ಫಲ.

ನಿರ್ದೇಶನ, ನಟನೆ, ಹಾಡು ಮುಂತಾದ ಉಳಿದ ವಿಭಾಗಗಳ ಕೊನೆಯ ಸುತ್ತಿನಲ್ಲಿ ಪ್ರಾಶಸ್ತ್ಯದ ಮತ ಇಲ್ಲ. ಒಬ್ಬರಿಗೆ ಒಂದೇ ಮತ, ಹೆಚ್ಚು ಪಡೆದವರಿಗೆ ಗೆಲುವು. ಒಂದೇ ರಾತ್ರಿ ನಿರ್ದೇಶನ ಒಂದು ಚಿತ್ರಕ್ಕೆ, ಅತ್ಯುತ್ತಮ ಚಿತ್ರ ಇನ್ನೊಂದಕ್ಕೆ ಹೋಗುವುದಕ್ಕೆ ಇದೂ ಒಂದು ಕಾರಣ.

ನಾಮನಿರ್ದೇಶನದ ಹಂತದಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಇದನ್ನು ತಿಳಿಯಲು ರಾಜ್ಯಸಭಾ ಚುನಾವಣೆಯನ್ನು ನೆನಪಿಸಿಕೊಳ್ಳಿ. ನಮ್ಮ 224 ಶಾಸಕರು ನಾಲ್ಕು ಸ್ಥಾನಕ್ಕೆ ಮತ ಹಾಕುವಾಗ ಒಬ್ಬ ಅಭ್ಯರ್ಥಿಗೆ 45 ಮತ ಸಾಕು. ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ, ಒಟ್ಟು ಮತವನ್ನು ಅದರಿಂದ ಭಾಗಿಸಿದರೆ ಬರುವ ಫಲಕ್ಕಿಂತ ತುಸು ಹೆಚ್ಚು. ಅಕಾಡೆಮಿಯಲ್ಲಿ ಹತ್ತು ಚಿತ್ರಗಳನ್ನು ಆರಿಸಬೇಕಾದಾಗ ಒಟ್ಟು ಮತಪತ್ರಗಳ ಹನ್ನೊಂದನೇ ಒಂದು ಪಾಲು, ಅಂದರೆ ಶೇ 9ಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಪಟ್ಟಿಯಲ್ಲಿ ಜಾಗ ಖಚಿತ. ಐದು ಹೆಸರಿನ ವಿಭಾಗವಾದರೆ ಆರನೇ ಒಂದು ಪಾಲು. 500 ಜನ ಮತ ಹಾಕಿದ ಶಾಖೆಯಲ್ಲಿ 84 ಮತ. ಇಲ್ಲಿ ಎಲ್ಲರ ಒಪ್ಪಿಗೆ ಬೇಕಿಲ್ಲ, ಕೆಲವರ ಗಾಢವಾದ ಪ್ರೀತಿ ಸಾಕು. ಮೊದಲ ಪ್ರಾಶಸ್ತ್ಯ ಯಾರಿಂದಲೂ ಬರದ ಚಿತ್ರ, ಎಷ್ಟು ಜನರ ಮೂರನೇ ಆಯ್ಕೆಯಾಗಿದ್ದರೂ, ಮೊದಲ ಸುತ್ತಿನಲ್ಲೇ ಉದುರಿಹೋಗುತ್ತದೆ. ಪಟ್ಟಿಗೆ ಸೇರಲು ಕಟ್ಟಾ ಅಭಿಮಾನಿಗಳು ಬೇಕು, ಗೆಲ್ಲಲು ವಿರೋಧಿಗಳು ಕಡಿಮೆಯಿರಬೇಕು. ಎರಡೂ ಇರುವ ಚಿತ್ರ ಅಪರೂಪ.

ಇನ್ನೊಂದು ಮುಖ್ಯ ಅಂಶ. ನಾಮನಿರ್ದೇಶನದಲ್ಲಿ ನಟರಿಗೆ ನಟರೇ, ನಿರ್ದೇಶಕರಿಗೆ ನಿರ್ದೇಶಕರೇ ಮತ ಹಾಕುತ್ತಾರೆ. ಅತ್ಯುತ್ತಮ ಚಿತ್ರದ ಪಟ್ಟಿಗೆ ಮಾತ್ರ ಎಲ್ಲರೂ. ಕೊನೆಯ ಸುತ್ತಿನಲ್ಲಿ ಎಲ್ಲ ವಿಭಾಗಕ್ಕೂ ಎಲ್ಲ ಸದಸ್ಯರೂ ಮತ ಹಾಕಬಹುದು. ನೋಡದ ಚಿತ್ರಗಳಿಗೂ ಮತ ಬೀಳುತ್ತದೆ ಎಂಬ ದೂರು ಬಹಳ ವರ್ಷ ಇತ್ತು. ಒಂದು ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿದವರಷ್ಟೇ ಅದರ ಕೊನೆಯ ಸುತ್ತಿನಲ್ಲಿ ಮತ ಹಾಕಬೇಕೆಂಬ ನಿಯಮವನ್ನು ಅಕಾಡೆಮಿ 2025ರಲ್ಲಿ ಪ್ರಕಟಿಸಿತು. ಇದು ಎಂದೋ ಬರಬೇಕಿತ್ತು.

ಮಸಲತ್ತಿನ ಮಾತಿಗೆ ಬರೋಣ. ಎಣಿಕೆ ಮಾಡುವುದು ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆ. ಪ್ರತಿ ವಿಭಾಗಕ್ಕೂ ಎರಡು ಲಕೋಟೆ ಸಿದ್ಧವಾಗುತ್ತವೆ. ವೇದಿಕೆಯ ಎಡಕ್ಕೊಬ್ಬರು, ಬಲಕ್ಕೊಬ್ಬರು ಒಂದೊಂದು ಕಟ್ಟು ಹಿಡಿದು ನಿಂತಿರುತ್ತಾರೆ. ಪ್ರಶಸ್ತಿ ಘೋಷಿಸುವವರು ಯಾವ ಬದಿಯಿಂದ ಬರುತ್ತಾರೋ ಆ ಬದಿಯವರು ಲಕೋಟೆ ಕೊಡಬೇಕು, ಇನ್ನೊಂದು ಬದಿಯವರು ಅದೇ ವಿಭಾಗದ ತಮ್ಮ ಲಕೋಟೆಯನ್ನು ತೆಗೆದು ಪಕ್ಕಕ್ಕಿಡಬೇಕು. 2017ರ ಫೆಬ್ರವರಿ 26ರಂದು ತಪ್ಪಿದ್ದು ಈ ಎರಡನೇ ಕೆಲಸ. ಅತ್ಯುತ್ತಮ ನಟಿ ವಿಭಾಗದ ಬಳಕೆಯಾಗದ ಲಕೋಟೆ, ಅತ್ಯುತ್ತಮ ಚಿತ್ರ ಘೋಷಿಸಲು ಬಂದಿದ್ದ ನಟ ವಾರೆನ್ ಬೀಟಿ ಅವರ ಕೈಗೆ ಹೋಯಿತು. ಒಳಗಿದ್ದದ್ದು ‘ಲಾ ಲಾ ಲ್ಯಾಂಡ್’ ಚಿತ್ರದ ಎಮಾ ಸ್ಟೋನ್ ಹೆಸರು. ಅವರ ಜೊತೆಗಿದ್ದ ನಟಿ ಫೇ ಡನವೇ ಅದರಲ್ಲಿದ್ದ ಚಿತ್ರದ ಹೆಸರನ್ನು ಓದಿಬಿಟ್ಟರು. ನಿಜವಾಗಿ ಗೆದ್ದದ್ದು ‘ಮೂನ್‌ಲೈಟ್’. ಲಾ ಲಾ ಲ್ಯಾಂಡ್‌ನ ನಿರ್ಮಾಪಕ ಜೋರ್ಡನ್ ಹೊರೊವಿಟ್ಜ್ ತಾವೇ ಮೈಕ್ ಮುಂದೆ ನಿಂತು ಅದನ್ನು ಹೇಳಿದರು. ಇದೆಲ್ಲ ಪ್ರಚಾರಕ್ಕೆ ಹೂಡಿದ ನಾಟಕ ಎಂದು ನಂಬಿದ ವೀಕ್ಷಕರು ಅನೇಕರಿದ್ದರು. ಆದರೆ ಆ ವರ್ಷದ ನಂತರ ಎಲ್ಲ ಫಲಿತಾಂಶ ಬಲ್ಲ ಮೂರನೆಯವರೊಬ್ಬರನ್ನು ನಿಯಂತ್ರಣ ಕೊಠಡಿಯಲ್ಲಿ ಕೂರಿಸುವ, ಲಕೋಟೆ ಹಿಡಿದವರಿಂದ ಮೊಬೈಲ್ ದೂರವಿಡುವ ಕ್ರಮಗಳು ಬಂದವು.

ಕಾರ್ಯಕ್ರಮ ನಡೆಸುವವರಿಗೂ ಫಲಿತಾಂಶ ಮೊದಲೇ ತಿಳಿದಿರುವುದಿಲ್ಲ ಎಂಬುದಕ್ಕೆ 2021ರ ಸಮಾರಂಭವನ್ನು ನೋಡಿ. ಅತ್ಯುತ್ತಮ ಚಿತ್ರವನ್ನು ಮುಂಚೆಯೇ ಘೋಷಿಸಿ, ಅತ್ಯುತ್ತಮ ನಟನನ್ನು ಕೊನೆಗಿಟ್ಟರು. ತೀರಿಕೊಂಡಿದ್ದ ಚಾಡ್ವಿಕ್ ಬೋಸ್‌ಮನ್‌ಗೆ ಗೌರವ ಸಲ್ಲಿಸಿ ಮುಗಿಸುತ್ತಾರೆಂದು ನೋಡುವವರೆಲ್ಲ ಕಾದಿದ್ದರು. ಗೆದ್ದದ್ದು ಆಂಥನಿ ಹಾಪ್ಕಿನ್ಸ್, ಅವರು ಅಲ್ಲಿರಲೇ ಇಲ್ಲ. ಕಾರ್ಯಕ್ರಮ ಥಟ್ಟನೆ ಮುಗಿದುಹೋಯಿತು. ಫಲಿತಾಂಶ ಗೊತ್ತಿದ್ದವರು ಯಾರೂ ಹೀಗೆ ಜೋಡಿಸುವುದಿಲ್ಲ.

ವೀಕ್ಷಕರ ಮಾತಿಗೆ ಬೆಲೆ ಇದೆಯೇ? ಇದೆ, ಆದರೆ ಅದು ಎಲ್ಲಿಗೆ ತಲುಪುತ್ತದೆ ಎಂಬುದರ ಮೇಲೆ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಜನಪ್ರಿಯ ಚಿತ್ರಕ್ಕೆ ಬೇರೆ ಪ್ರಶಸ್ತಿ ಕೊಡುವುದಾಗಿ ಅಕಾಡೆಮಿ ಹೇಳಿತು. ಎಲ್ಲೆಡೆಯಿಂದ ಟೀಕೆ ಬಂದು ತಿಂಗಳೊಳಗೇ ಕೈಬಿಟ್ಟಿತು. 2022ರಲ್ಲಿ ಟ್ವಿಟರ್ ಮೂಲಕ ಅಭಿಮಾನಿಗಳ ಮೆಚ್ಚಿನ ಚಿತ್ರ ಆರಿಸಲು ಬಿಟ್ಟಾಗ ಝ್ಯಾಕ್ ಸ್ನೈಡರ್ ಅವರ ‘ಆರ್ಮಿ ಆಫ್ ದ ಡೆಡ್’ ಗೆದ್ದಿತು. ಸಂಘಟಿತ ಅಭಿಮಾನಿ ಬಳಗವೊಂದು ದಿನವೂ ಮತ ಹಾಕಿದರೆ ತೆರೆದ ಮತದಾನ ಅವರದೇ ಆಗುತ್ತದೆ. ಸಾಮಾನ್ಯ ವೀಕ್ಷಕರ ಮನಸ್ಸು ಅಲ್ಲಿ ಕಾಣುವುದಿಲ್ಲ. ಹಾಗಾಗಿ ‘ಜನರಿಗೇ ಮತ ಕೊಡಿ’ ಎಂಬ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ.

ಇದಕ್ಕೆ ಎದುರಾಗಿ, 2015 ಮತ್ತು 2016 ಎರಡೂ ವರ್ಷ ನಟನೆಯ 20 ನಾಮನಿರ್ದೇಶನಗಳೂ ಬಿಳಿಯರಿಗೇ ಹೋದಾಗ ‘ಆಸ್ಕರ್ಸ್ ಸೋ ವೈಟ್’ ಎಂಬ ಹ್ಯಾಶ್‌ಟ್ಯಾಗ್ ಎದ್ದಿತು. ಅದು ಗೆದ್ದವರ ಮೇಲಿನ ಸಿಟ್ಟಾಗಿರಲಿಲ್ಲ. ನಾಮನಿರ್ದೇಶನ ಮಾಡುವವರು ಯಾರು ಎಂದು ಕೇಳಿತ್ತು. ಮಹಿಳಾ ಸದಸ್ಯರ ಮತ್ತು ಬಿಳಿಯರಲ್ಲದ ಸದಸ್ಯರ ಸಂಖ್ಯೆಯನ್ನು 2020ರೊಳಗೆ ಇಮ್ಮಡಿಗೊಳಿಸುವುದಾಗಿ 2016ರ ಜನವರಿಯಲ್ಲಿ ಅಕಾಡೆಮಿ ಪ್ರಕಟಿಸಿತು, ಆ ಗುರಿಯನ್ನು ದಾಟಿತು ಕೂಡ. ಬೇರೆ ಬೇರೆ ದೇಶಗಳಿಂದ ಸಾವಿರಾರು ಹೊಸಬರು ಸೇರಿದರು. ವೀಕ್ಷಕರ ಸಿಟ್ಟು ಫಲ ಕೊಟ್ಟದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ನಮ್ಮ ಕಡೆಯ ನಿರಾಸೆಗಳೂ ಹೆಚ್ಚಾಗಿ ಕೊನೆಯ ಲಕೋಟೆಗಿಂತ ಬಹಳ ಮೊದಲೇ ಹುಟ್ಟಿರುತ್ತವೆ. ಅಂತಾರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಒಂದು ದೇಶದಿಂದ ಒಂದೇ ಚಿತ್ರ. ಭಾರತದ ಪರವಾಗಿ ಅದನ್ನು ಆರಿಸುವುದು ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ. ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಗೆದ್ದ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಬಿಟ್ಟು 2024ರಲ್ಲಿ ‘ಲಾಪತಾ ಲೇಡೀಸ್’ ಕಳಿಸಿದ್ದು ಇಲ್ಲಿಯ ನಿರ್ಧಾರ, ಅಮೆರಿಕದ್ದಲ್ಲ. ಅದು 15 ಚಿತ್ರಗಳ ಕಿರುಪಟ್ಟಿಗೂ ಏರಲಿಲ್ಲ. ‘ಆರ್‌ಆರ್‌ಆರ್’ ಕೂಡ ಭಾರತದ ಅಧಿಕೃತ ಆಯ್ಕೆಯಾಗಿರಲಿಲ್ಲ. ‘ನಾಟು ನಾಟು’ 2023ರಲ್ಲಿ ಗೆದ್ದದ್ದು ದೇಶಗಳ ಹಂಗಿಲ್ಲದ ಮೂಲ ಗೀತೆ ವಿಭಾಗದಲ್ಲಿ.

ಅದೇ ವರ್ಷದ ಜನವರಿಯಲ್ಲಿ ‘ಕಾಂತಾರ’ ಮತ್ತು ‘ವಿಕ್ರಾಂತ್ ರೋಣ’ ಆಸ್ಕರ್ ಪಟ್ಟಿಯಲ್ಲಿವೆ ಎಂದು ಕನ್ನಡಿಗರು ಸಂಭ್ರಮಿಸಿದ್ದು ನೆನಪಿರಬಹುದು. ಅದು 301 ಚಿತ್ರಗಳ ಅರ್ಹತಾ ಪಟ್ಟಿ. 40 ನಿಮಿಷಕ್ಕಿಂತ ಉದ್ದದ ಚಿತ್ರ ಲಾಸ್ ಏಂಜಲಿಸ್, ನ್ಯೂಯಾರ್ಕ್, ಶಿಕಾಗೊ ಸೇರಿದಂತೆ ಅಮೆರಿಕದ ಆರು ಮಹಾನಗರ ಪ್ರದೇಶಗಳ ಪೈಕಿ ಒಂದರಲ್ಲಿ ಸತತ ಏಳು ದಿನ ಓಡಿ, ಅರ್ಜಿ ಸಲ್ಲಿಕೆಯಾದರೆ ಆ ಪಟ್ಟಿಗೆ ಸೇರುತ್ತದೆ. ಅದು ಕಣಕ್ಕಿಳಿಯುವ ಅರ್ಹತೆ, ನಾಮನಿರ್ದೇಶನವಲ್ಲ. ಸುದ್ದಿವಾಹಿನಿಗಳು ಎರಡನ್ನೂ ಒಂದೇ ಎಂಬಂತೆ ತೋರಿಸಿದ್ದರಿಂದಲೇ ಮುಂದೆ ಅಷ್ಟು ಜನ ನೊಂದುಕೊಂಡರು. ಇದನ್ನು ತಪ್ಪಿಸಬಹುದಿತ್ತು.

ಮುಂದಿನ ವರ್ಷ ನೋಡುವಾಗ ನಿರ್ಮಾಪಕರ ಸಂಘ, ಅಂದರೆ ಪಿಜಿಎ, ಆಸ್ಕರ್‌ಗೆ ಮುಂಚೆ ಕೊಡುವ ಪ್ರಶಸ್ತಿಯನ್ನು ಗಮನಿಸಿ. ಅವರೂ ಹತ್ತು ಚಿತ್ರಗಳಿಗೆ ಪ್ರಾಶಸ್ತ್ಯದ ಮತವನ್ನೇ ಎಣಿಸುತ್ತಾರೆ. 2021ರಿಂದ 2025ರವರೆಗೆ ಐದೂ ವರ್ಷ ಅಲ್ಲಿ ಗೆದ್ದ ಚಿತ್ರವೇ ಆಸ್ಕರ್‌ನಲ್ಲೂ ಗೆದ್ದಿತು. 2016, 2017 ಮತ್ತು 2020ರಲ್ಲಿ ಗೆಲ್ಲಲಿಲ್ಲ. ವಿಮರ್ಶಕರ ಪಟ್ಟಿಗಿಂತ, ಟ್ರೆಂಡ್ ಆಗುವ ಹೆಸರಿಗಿಂತ ಇದು ಗಟ್ಟಿಯಾದ ಸುಳಿವು. ನಿಮ್ಮ ಮೆಚ್ಚಿನ ಚಿತ್ರ ಅಲ್ಲಿ ಸೋತು ನಿರ್ದೇಶನ, ಛಾಯಾಗ್ರಹಣದ ಪ್ರಶಸ್ತಿಗಳನ್ನಷ್ಟೇ ಗೆಲ್ಲುತ್ತಿದ್ದರೆ, ಅದಕ್ಕೆ ಮೊದಲ ಪ್ರಾಶಸ್ತ್ಯಗಳಿವೆ, ಎರಡನೆಯವು ಸಾಲುತ್ತಿಲ್ಲ ಎಂದು ತಿಳಿಯಿರಿ.