ಹೊಸ ಚಿಪ್‌ಗೆ ಜಾವಾಸ್ಕ್ರಿಪ್ಟ್ ಕಲಿಸುವ ಕೆಲಸ

ರಿಸ್ಕ್-ಫೈವ್ ಎಂಬ ಹೊಸ ಬಗೆಯ ಚಿಪ್ ಇರುವ ಬೋರ್ಡ್ ಕೊಂಡವರ ಗೊಣಗಾಟ ಹೆಚ್ಚಾಗಿ ಒಂದೇ ಬಗೆಯದು: ಲಿನಕ್ಸ್ ಏರುತ್ತದೆ, ಪೈಥಾನ್ ಓಡುತ್ತದೆ, ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಮಾತ್ರ ತಗಾದೆ ತೆಗೆಯುತ್ತದೆ. ಮೂಲ ಕೋಡ್ ಎಲ್ಲರೆದುರು ತೆರೆದೇ ಇದೆಯಲ್ಲ, ಹೊಸ ಚಿಪ್‌ಗೆಂದು ಇನ್ನೊಮ್ಮೆ ಕಂಪೈಲ್ ಮಾಡಿದರೆ, ಅಂದರೆ ಅದರ ಯಂತ್ರಭಾಷೆಗೆ ಇಳಿಸಿದರೆ, ಮುಗಿಯಲಿಲ್ಲವೇ? ಪೈಥಾನ್ ಮಟ್ಟಿಗೆ ಬಹುಪಾಲು ಹಾಗೆಯೇ. ಜಾವಾಸ್ಕ್ರಿಪ್ಟನ್ನು ಓಡಿಸುವ ಎಂಜಿನ್‌ನ ಜಾಯಮಾನ ಬೇರೆ.

1995ರಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಹೊಸೆದ ಭಾಷೆ ಮುಂದಿನ ಹದಿಮೂರು ವರ್ಷ ಕೋಡನ್ನು ಹಂತಹಂತವಾಗಿ ಓದುತ್ತ ನಡೆಸುವ ಇಂಟರ್‌ಪ್ರಿಟರ್‌ಗಳ ಬೆನ್ನೇರಿ ನಿಧಾನವಾಗಿ ಸಾಗಿತು. 2008ರಲ್ಲಿ ಕ್ರೋಮ್ ಬ್ರೌಸರ್ ಜೊತೆ ಬಂದ ವಿ8 ಎಂಜಿನ್ (ನೋಡ್ ಜೆಎಸ್ ಒಳಗಿರುವುದೂ ಇದೇ) ಆ ಹಾದಿಯನ್ನೇ ಬಿಟ್ಟಿತು. ಪುಟದಲ್ಲಿರುವ ಜಾವಾಸ್ಕ್ರಿಪ್ಟನ್ನು ಓಡುವ ಹೊತ್ತಿನಲ್ಲೇ ಚಿಪ್‌ನ ಯಂತ್ರಭಾಷೆಗೆ ಇಳಿಸಿಬಿಡುವುದು ಅದರ ಉಪಾಯ. ವೇಗ ಸಿಕ್ಕಿತು, ಅದರ ಜೊತೆಗೆ ಒಂದು ಹೊರೆಯೂ ಬಂತು. ಸಿ ಭಾಷೆಯಲ್ಲಿ ಬರೆದ ಇಂಟರ್‌ಪ್ರಿಟರ್‌ಗೆ ತಾನು ಯಾವ ಚಿಪ್ ಮೇಲೆ ಕುಳಿತಿದ್ದೇನೆ ಎಂಬ ಅರಿವು ಬೇಕಿಲ್ಲ. ವಿ8ಗೆ ಪ್ರತಿ ಚಿಪ್‌ನ ಮಾತೂ ಬಾಯಿಪಾಠ ಆಗಿರಬೇಕು. 2019ರಲ್ಲಿ ಓಡುವಾಗ ಕಂಪೈಲ್ ಮಾಡದೆಯೇ ನಡೆಯುವ ಆಯ್ಕೆಯೊಂದು ಬಂದಿತಾದರೂ ಅದೂ ಪಾರು ಮಾಡುವುದಿಲ್ಲ. ಎಂಜಿನ್ ತನ್ನೊಳಗೇ ಕಟ್ಟಿಕೊಂಡಿರುವ ನೂರಾರು ಸಣ್ಣ ಕಾರ್ಯಗಳು ಆಗಲೂ ಆ ಚಿಪ್‌ನ ಯಂತ್ರಭಾಷೆಯಲ್ಲೇ ಇರಬೇಕು.

ರಿಸ್ಕ್-ಫೈವ್ ಹುಟ್ಟಿದ್ದು 2010ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಲೈಸೆನ್ಸ್ ಶುಲ್ಕವಿಲ್ಲದೆ ಯಾರು ಬೇಕಾದರೂ ಬಳಸಬಹುದಾದ ಆದೇಶಗಳ ಪಟ್ಟಿ ಅದು. ಕಡಿಮೆ ಆದೇಶ, ಸರಳ ಆದೇಶ ಎಂಬುದೇ ಅದರ ಹೆಮ್ಮೆ. ಈ ಸರಳತೆಯ ಬಿಲ್ ಪೋರ್ಟ್ ಮಾಡಲು, ಅಂದರೆ ಎಂಜಿನ್ನನ್ನು ಈ ಚಿಪ್‌ಗೆ ಒಗ್ಗಿಸಲು, ಕುಳಿತವರ ಮೇಜಿಗೆ ಬರುತ್ತದೆ.

ಎರಡು ಪೂರ್ಣಾಂಕ ಕೂಡುವುದನ್ನೇ ನೋಡಿ. ಮೊತ್ತ 32 ಬಿಟ್‌ಗಳಲ್ಲಿ ಹಿಡಿಸದಿದ್ದರೆ ಎಂಜಿನ್‌ಗೆ ಕೂಡಲೇ ಗೊತ್ತಾಗಬೇಕು. ಇಂಟೆಲ್ ಚಿಪ್ ಕೂಡಿದ ಮೇಲೆ ತಾನೇ ಒಂದು ಬಾವುಟ, ಅಂದರೆ ಸೂಚನೆಯ ಬಿಟ್, ಏರಿಸುತ್ತದೆ. ಅದನ್ನು ನೋಡಿ ಕೋಡ್‌ನ ಬೇರೆ ಜಾಗಕ್ಕೆ ಜಿಗಿದರಾಯಿತು. ರಿಸ್ಕ್-ಫೈವ್‌ನಲ್ಲಿ ಬಾವುಟಗಳೇ ಇಲ್ಲ. 64 ಬಿಟ್‌ಗಳಲ್ಲಿ ಒಮ್ಮೆ, 32 ಬಿಟ್‌ಗಳಲ್ಲಿ ಮತ್ತೊಮ್ಮೆ ಕೂಡಿ, ಎರಡೂ ಉತ್ತರ ತಾಳೆಯಾಗುತ್ತವೆಯೇ ಎಂದು ನೋಡಬೇಕು.

ದಶಮಾಂಶ ಸಂಖ್ಯೆಯನ್ನು ಪೂರ್ಣಾಂಕ ಮಾಡುವಾಗ ಇನ್ನೂ ಮೋಜಿದೆ. ‘ಸಂಖ್ಯೆಯೇ ಅಲ್ಲ’ ಎಂಬ ಬೆಲೆಯನ್ನು ಪೂರ್ಣಾಂಕಕ್ಕಿಳಿಸಿದರೆ ಸೊನ್ನೆ ಬರಬೇಕು ಎನ್ನುತ್ತದೆ ಜಾವಾಸ್ಕ್ರಿಪ್ಟ್. ರಿಸ್ಕ್-ಫೈವ್‌ನ 32 ಬಿಟ್ ಆದೇಶ ಕೊಡುವುದು 2147483647. ಎರಡೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯೇ. ಈ ಜಗಳಕ್ಕೆ ಬೇಸತ್ತು ಆರ್ಮ್ ಚಿಪ್‌ನವರು ತಮ್ಮ 8.3ನೇ ಆವೃತ್ತಿಯಲ್ಲಿ ಜಾವಾಸ್ಕ್ರಿಪ್ಟ್ ರೀತಿಯಲ್ಲೇ ಬದಲಾಯಿಸುವ ಆದೇಶವೊಂದನ್ನು ಸೇರಿಸಿದರು. ಹತ್ತು ದಿನಗಳ ಭಾಷೆಯೊಂದು ಸಿಲಿಕಾನ್‌ನಲ್ಲಿ ಅಚ್ಚಾಗುವುದೆಂದರೆ ಇದು!

ಇನ್ನು ಜಿಗಿತ. ರಿಸ್ಕ್-ಫೈವ್‌ನಲ್ಲಿ ಷರತ್ತಿನ ಜಿಗಿತ ಹಿಂದಕ್ಕಾಗಲಿ ಮುಂದಕ್ಕಾಗಲಿ 4 ಕಿಲೋಬೈಟ್ ದಾಟದು. ಕೋಡ್ ಉದ್ದವಾದರೆ ನಡುವೆ ಮೆಟ್ಟುಗಲ್ಲುಗಳನ್ನು ಹಾಕಿಕೊಳ್ಳಬೇಕು. ಹೊಸದಾಗಿ ಬರೆದ ಆದೇಶ ಚಿಪ್‌ನ ಕಣ್ಣಿಗೆ ಬೀಳಲು ಅದು ತನ್ನೊಳಗೆ ಇಟ್ಟುಕೊಂಡ ಹಳೆಯ ನಕಲನ್ನು ಅಳಿಸುವ ಆದೇಶವೂ ಬೇಕು. ಅದು ತಾನು ಓಡಿದ ಕೋರ್‌ಗಷ್ಟೇ ಅನ್ವಯ. ಉಳಿದ ಕೋರ್‌ಗಳಿಗೆ ಹೇಳಲು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳಿಕೊಳ್ಳಬೇಕು. ಇದನ್ನು ಮರೆತರೆ ಪ್ರೋಗ್ರಾಂ ಒಮ್ಮೆ ಸರಿಯಾಗಿ ಓಡುತ್ತದೆ, ಒಮ್ಮೆ ಕಾರಣವಿಲ್ಲದೆ ಕುಸಿಯುತ್ತದೆ. ಎರಡನೇ ಸಲ ಕಾಣಿಸಿಕೊಳ್ಳದ ದೋಷದ ಹಿಂದೆ ಬಿದ್ದವರಿಗೇ ಗೊತ್ತು ಅದರ ಕಷ್ಟ.

ಅಮೆರಿಕದ ಫ್ಯೂಚರ್‌ವೇ ಕಂಪನಿ ಮತ್ತು ಚೀನಾ ವಿಜ್ಞಾನ ಅಕಾಡೆಮಿಯ ಸಾಫ್ಟ್‌ವೇರ್ ಸಂಸ್ಥೆಯ ಪಿಎಲ್‌ಸಿಟಿ ಪ್ರಯೋಗಾಲಯದವರು 2020ರಲ್ಲಿ ಕೈಹಾಕಿದ್ದು ಈ ಪೋರ್ಟ್ ಕೆಲಸಕ್ಕೆ. ವಿ8 ಒಳಗೆ ಆ ಚಿಪ್ಪನ್ನು ಅಣಕಿಸುವ ಸಿಮ್ಯುಲೇಟರ್ ಬರೆದುಕೊಂಡರೆ ಸಾಮಾನ್ಯ ಇಂಟೆಲ್ ಗಣಕದಲ್ಲೇ ಪರೀಕ್ಷೆಗಳನ್ನು ಓಡಿಸಬಹುದು ಎಂಬುದು ಇಂಥ ಕೆಲಸದ ದೊಡ್ಡ ಅನುಕೂಲ. ಆದೇಶಗಳನ್ನು ಬಿಟ್‌ಗಳಾಗಿಸುವ ಅಸೆಂಬ್ಲರ್, ಕೋಡನ್ನು ಚುರುಕುಗೊಳಿಸುವ ಕಂಪೈಲರ್‌ನ ಹಿಂಬದಿ, ವೆಬ್‌ಅಸೆಂಬ್ಲಿ, ಕೊನೆಗೆ ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೂ ಬೇರೆಯದೇ ಕೋಡ್ ಉತ್ಪಾದಕ, ಹೀಗೆ ಒಂದೊಂದನ್ನೂ ಬರೆಯಬೇಕಿತ್ತು. 2021ರ ಆರಂಭದಲ್ಲಿ ಪೋರ್ಟ್ ವಿ8 ಮೂಲ ಕೋಡ್‌ನ ಮುಖ್ಯ ಭಂಡಾರಕ್ಕೆ ಸೇರಿತು.

ಮನೆ ಕಟ್ಟಿ ನೋಡು ಎನ್ನುತ್ತಾರೆ. ಇಲ್ಲಿ ಕಟ್ಟುವುದಕ್ಕಿಂತ ವರ್ಷವರ್ಷ ಸುಣ್ಣ ಬಳಿಯುವುದೇ ದುಬಾರಿ. ಪೋರ್ಟ್ ಸೇರಿದ ಕೆಲವೇ ತಿಂಗಳಲ್ಲಿ ವಿ8ಗೆ ಸ್ಪಾರ್ಕ್‌ಪ್ಲಗ್ ಎಂಬ ಹೊಸ ಕಂಪೈಲರ್ ಬಂತು. 2023ರಲ್ಲಿ ಮ್ಯಾಗ್ಲೆವ್ ಎಂಬ ಮತ್ತೊಂದು. ಇಂಟೆಲ್ ಮತ್ತು ಆರ್ಮ್ ಪಾಲಿನದನ್ನು ವಿ8 ತಂಡವೇ ನೋಡಿಕೊಳ್ಳುತ್ತದೆ. ಉಳಿದ ಚಿಪ್‌ಗಳವರು ಬೆನ್ನಟ್ಟಿ ಬರಬೇಕು. ಮುಖ್ಯ ಕೋಡ್‌ನಲ್ಲಿ ಒಂದು ಕಾರ್ಯದ ರೂಪ ಬದಲಾದರೆ ಮರುದಿನ ಅತ್ತ ಪೋರ್ಟ್ ಮುರಿದಿರುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಎಲ್ಲ ಚಿಪ್‌ಗಳಿಗೂ ಕಾದು ನಿಂತರೆ ಯಾವ ಎಂಜಿನ್ನೂ ಮುಂದಕ್ಕೆ ಹೋಗದು. ಆದರೂ ‘ಮುಕ್ತ’ ಎಂಬ ಪದವನ್ನು ನಾವು ಉಚ್ಚರಿಸುವಾಗ ಈ ದಿನಗೂಲಿ ಲೆಕ್ಕಕ್ಕೆ ಬರುವುದೇ ಇಲ್ಲ ಎನ್ನುವುದು ನಿಜ.

ಐಐಟಿ ಮದ್ರಾಸ್‌ನ ‘ಶಕ್ತಿ’ ಪ್ರೊಸೆಸರ್ ಕೂಡ ರಿಸ್ಕ್-ಫೈವ್ ಕುಲದ್ದೇ. ಕೇಂದ್ರ ಸರ್ಕಾರ ಇದೇ ಕುಲವನ್ನು ನೆಚ್ಚಿ 2022ರಲ್ಲಿ ಡಿಐಆರ್-ವಿ (ಡಿಜಿಟಲ್ ಇಂಡಿಯಾ ರಿಸ್ಕ್-ಫೈವ್) ಯೋಜನೆಯನ್ನೂ ಘೋಷಿಸಿತು. ದೇಶೀ ಚಿಪ್ ಮೇಲೆ ಮುಂದೆ ಯಾರಾದರೂ ಕ್ರೋಮ್‌ನ ಬುನಾದಿಯಾದ ಕ್ರೋಮಿಯಮ್ ಬ್ರೌಸರ್ ತೆರೆದರೆ, ಅದರಡಿಯಲ್ಲಿ ಓಡುವುದು ಈ ಪೋರ್ಟ್ ಕೋಡೇ.

ಅದೇ 2022ರಲ್ಲಿ ವಿ8 ಭಂಡಾರದಿಂದ 32 ಬಿಟ್ ಮಿಪ್ಸ್ ಪೋರ್ಟ್ ಅಳಿಸಿಹೋಯಿತು. ಒಂದು ಕಾಲಕ್ಕೆ ರೂಟರ್‌ಗಳಲ್ಲೂ ಸೆಟ್‌ಟಾಪ್ ಬಾಕ್ಸ್‌ಗಳಲ್ಲೂ ಮೆರೆದ ಚಿಪ್ ಅದು. ಮಿಪ್ಸ್ ಕಂಪನಿಯೇ ಅದಕ್ಕೆ ಹಿಂದಿನ ವರ್ಷ ರಿಸ್ಕ್-ಫೈವ್ ಕಡೆ ಹೊರಳಿತ್ತು. ಇಂದು ರಿಸ್ಕ್-ಫೈವ್ ಕಡತಗಳನ್ನು ತೆರೆದು ಓದಿದರೆ ಹಲವು ಕಾರ್ಯಗಳ ಹೆಸರು, ಮೆಟ್ಟುಗಲ್ಲು ಹಾಕುವ ಕ್ರಮ ಎಲ್ಲದರಲ್ಲೂ ಮಿಪ್ಸ್ ಪೋರ್ಟ್‌ನ ಚಹರೆ ಕಾಣುತ್ತದೆ.