ಹಾರುಬೂದಿ: ಕೆರೆ ಸೇರುವ ಮುಂಚೆ ಹಿಡಿಯಬೇಕಾದ ಪುಡಿ

ಕಲ್ಲಿದ್ದಲನ್ನು ನುಣ್ಣಗೆ ಪುಡಿ ಮಾಡಿ ಬಾಯ್ಲರಿನಲ್ಲಿ ಉರಿಸಿದಾಗ ಹೊಗೆಯ ಜೊತೆ ಮೇಲೇರುವ ಬೂದಿಯೇ ಹಾರುಬೂದಿ. ಅದು ಚಿಮಣಿ ಸೇರುವ ಮೊದಲು ವಿದ್ಯುತ್ ಹರಿಸಿದ ಯಂತ್ರಗಳು ಸೆಳೆದು ಹಿಡಿದುಕೊಳ್ಳುತ್ತವೆ. ದಪ್ಪ ಬೂದಿ ಬಾಯ್ಲರಿನ ತಳಕ್ಕೆ ಬೀಳುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಜಾಸ್ತಿ. 100 ಕಿಲೋ ಸುಟ್ಟರೆ 30ರಿಂದ 40 ಕಿಲೋ ಬೂದಿಯೇ ಉಳಿಯುತ್ತದೆ. ರಾಯಚೂರಿನ ಶಕ್ತಿನಗರದಂಥ ಉಷ್ಣವಿದ್ಯುತ್ ಸ್ಥಾವರದಲ್ಲಿ ಇದು ದಿನವೂ ಲಾರಿಗಟ್ಟಲೆ ಬರುತ್ತದೆ.

ಒಂದು ಕಾರ್ಖಾನೆ ಬಿಸಾಡಿದ್ದು ಇನ್ನೊಂದರ ಕಚ್ಚಾವಸ್ತುವಾದರೆ ಅದನ್ನು ವರ್ತುಲ ಆರ್ಥಿಕತೆ ಎನ್ನುತ್ತಾರೆ. ಹಾರುಬೂದಿ ಅದಕ್ಕೆ ಒಳ್ಳೆಯ ಉದಾಹರಣೆ. ಯಾಕೆಂದರೆ ಸಿಮೆಂಟಿನಲ್ಲಿ ಅದು ಸುಮ್ನೆ ಜಾಗ ತುಂಬುವುದಿಲ್ಲ, ಕೆಲಸ ಮಾಡುತ್ತದೆ. ಸಿಮೆಂಟಿಗೆ ನೀರು ಸೇರಿದಾಗ ಒಂದಿಷ್ಟು ಸುಣ್ಣ ಹುಟ್ಟುತ್ತದೆ. ಅದರಿಂದ ಕಾಂಕ್ರೀಟಿಗೆ ಹೆಚ್ಚು ಬಲ ಬರುವುದಿಲ್ಲ. ಬೂದಿಯಲ್ಲಿರುವ ಸಿಲಿಕಾ ಆ ಸುಣ್ಣದ ಜೊತೆ ಸೇರಿ ಹೊಸ ಅಂಟು ಕಟ್ಟುತ್ತದೆ. ಇದು ನಿಧಾನದ ಕೆಲಸ. ಅದಕ್ಕೇ ಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಮೇಸ್ತ್ರಿ ಅವಸರ ಮಾಡಿದರೂ ಬಿಡಬೇಡಿ.

ಪಿಪಿಸಿಯಲ್ಲಿ ನೂರಕ್ಕೆ 15ರಿಂದ 35ರಷ್ಟು ಹಾರುಬೂದಿ ಇರಬಹುದು. ಅಷ್ಟರಮಟ್ಟಿಗೆ ಸಿಮೆಂಟಿನ ಮುಖ್ಯ ವಸ್ತುವಾದ ಕ್ಲಿಂಕರ್ ಕಡಿಮೆ ಸಾಕು. ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿಯಲ್ಲಿ ಸುಟ್ಟು ಕ್ಲಿಂಕರ್ ಮಾಡುತ್ತಾರೆ. ಉರುವಲಿನಿಂದಲೂ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಡುವುದು ಅಲ್ಲೇ. ಹಾರುಬೂದಿ ಇಟ್ಟಿಗೆಯೂ ಇದೆ. ಅದಕ್ಕೆ ಗೂಡು ಉರಿಸಬೇಕಿಲ್ಲ, ಹೊಲದ ಮೇಲ್ಮಣ್ಣು ತೆಗೆಯಬೇಕಿಲ್ಲ.

ಆದರೆ ಒಂದು ಷರತ್ತಿದೆ. ಬೂದಿಯನ್ನು ಒಣಗಿದ್ದಾಗಲೇ, ತಳದ ಬೂದಿಯಿಂದ ಬೇರೆಯಾಗಿ ಹಿಡಿದಿಡಬೇಕು. ನೀರಿನಲ್ಲಿ ಕಲಸಿ ‘ಬೂದಿ ಕೆರೆ’ಗೆ, ಅಂದರೆ ಸ್ಥಾವರದ ಬೂದಿ ಸುರಿಯುವ ಹೊಂಡಕ್ಕೆ ಬಿಟ್ಟರೆ ಎರಡೂ ಬೆರೆಯುತ್ತವೆ, ಸಿಮೆಂಟಿಗೆ ಬೇಕಾದ ಗುಣ ಕೆಡುತ್ತದೆ. ಒಣಬೂದಿಗೆ ಮುಚ್ಚಿದ ಟ್ಯಾಂಕರ್ ಬೇಕು, ಕೊಳ್ಳುವವರು ಹತ್ತಿರ ಇರಬೇಕು. ದೂರ ಹೆಚ್ಚಿದಷ್ಟೂ ಸಾಗಣೆ ಖರ್ಚು ಲಾಭವನ್ನು ನುಂಗುತ್ತದೆ.

ಕೇಂದ್ರ ಪರಿಸರ ಇಲಾಖೆ 1999ರಿಂದಲೇ ಬೂದಿಯ ಬಳಕೆಗೆ ನಿಯಮ ಮಾಡುತ್ತಾ ಬಂದಿದೆ. 2021ರ ಅಧಿಸೂಚನೆಯಲ್ಲಿ ಬಳಕೆಯಾಗದ ಬೂದಿಗೆ ದಂಡವೂ ಇದೆ. ತಗ್ಗು ಜಾಗ ತುಂಬಿಸುವುದೂ ಅದರ ಪ್ರಕಾರ ಬಳಕೆಯೇ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬೂದಿಯಲ್ಲಿ ಆರ್ಸೆನಿಕ್, ಸೀಸದಂಥವು ಇರುತ್ತವೆ. ಸರಿಯಾದ ತಡೆಯಿಲ್ಲದೆ ತುಂಬಿಸಿದರೆ ಅವು ಬಾವಿಯ ನೀರಿಗೆ ಇಳಿಯಬಹುದು, ಅಲ್ವಾ? ಹಾಗಾಗಿ ಯಾವುದೇ ಸ್ಥಾವರ ನೂರಕ್ಕೆ ನೂರು ಬಳಕೆ ಎಂದರೆ, ಸಿಮೆಂಟು ಇಟ್ಟಿಗೆಗೆ ಎಷ್ಟು ಹೋಯಿತು, ತಗ್ಗಿಗೆ ಎಷ್ಟು ಹೋಯಿತು ಎಂದು ಬಿಡಿಸಿ ಕೇಳಬೇಕು.