ಹರಿದ ಹದಿನಾಲ್ಕನೇ ಪುಟ

ಪೀಣ್ಯದ ಆ ಕಾರ್ಖಾನೆ ಮಾಲೀಕರು ತಂದ ಕರಾರಿನಲ್ಲಿ ಹದಿಮೂರನೇ ಪುಟ ಆದಮೇಲೆ ನೇರ ಹದಿನೈದು ಬಂತು. "ಹದಿನಾಲ್ಕು ಎಲ್ಲಿ?" ಅಂದೆ. "ಅದರಲ್ಲೇ ಸಾರ್ ಆರ್ಬಿಟ್ರೇಷನ್ ಅಂತ ಇದ್ದಿದ್ದು. ಕರಾರೇ ಮೋಸ ಅಂದ್ಮೇಲೆ ಅದೊಂದು ಯಾಕೆ ಅಂತ ಸಿಟ್ಟಲ್ಲಿ ಹರಿದುಬಿಟ್ಟೆ" ಅಂದರು. ಆರ್ಬಿಟ್ರೇಷನ್ ಎಂದರೆ ಮಧ್ಯಸ್ಥಿಕೆ: ಜಗಳ ಬಂದರೆ ಕೋರ್ಟಿನ ಬದಲು ಆರ್ಬಿಟ್ರೇಟರ್ ಎಂಬ ಖಾಸಗಿ ತೀರ್ಪುಗಾರರ ಮುಂದೆ ತೀರಿಸಿಕೊಳ್ಳುವುದು. ಎದುರು ಪಕ್ಷದ ಹತ್ತಿರ ಇನ್ನೊಂದು ಅಸಲು ಪ್ರತಿ ಇದೆ, ಅದರಲ್ಲಿ ಹದಿನಾಲ್ಕನೇ ಪುಟವೂ ಕ್ಷೇಮವಾಗಿದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ನಿಜವಾಗಿ ಕಾಗದ ಹರಿದವರನ್ನು ನಾನು ಕಂಡದ್ದು ಅದೊಂದೇ ಸಲ. ಮನಸ್ಸಿನೊಳಗೆ ಆ ಪುಟ ಹರಿದುಕೊಂಡು ಬರುವವರಿಗೆ ಮಾತ್ರ ಲೆಕ್ಕವಿಲ್ಲ. ಓದಿದವರು, ಚಾರ್ಟರ್ಡ್ ಅಕೌಂಟೆಂಟುಗಳು, ಒಮ್ಮೆ ಒಬ್ಬ ವಕೀಲರೂ ಬಂದಿದ್ದರು. ಎಲ್ಲರ ವಾದವೂ ಒಂದೇ: ಮೋಸ ಮಾಡಿ ಸಹಿ ಹಾಕಿಸಿಕೊಂಡಿದ್ದಾರೆ, ಕರಾರು ಬಿತ್ತು, ಅದರೊಳಗಿನ ಆರ್ಬಿಟ್ರೇಷನ್ ಕಲಮೂ ಬಿತ್ತು, ನಡೀರಿ ಕೋರ್ಟಿಗೆ.

ಬೀಳುವುದಿಲ್ಲ. ಇದೊಂದನ್ನು ನಿಧಾನವಾಗಿ ಹೇಳುತ್ತೇನೆ, ಕೇಳಿ.

ನೀವು ಸಹಿ ಹಾಕಿದ್ದು ಒಂದೇ ಕಾಗದದ ಕಟ್ಟಿಗೆ ಇರಬಹುದು. ಕಾನೂನು ಅದರಲ್ಲಿ ಎರಡು ಒಪ್ಪಂದಗಳನ್ನು ಕಾಣುತ್ತದೆ. ಒಂದು ವ್ಯವಹಾರದ್ದು: ಯಂತ್ರ ಕೊಡು, ದುಡ್ಡು ತಗೋ. ಇನ್ನೊಂದು, ಆ ವ್ಯವಹಾರದಲ್ಲಿ ಜಗಳ ಬಂದರೆ ಯಾರ ಮುಂದೆ ಕೂತು ತೀರಿಸಿಕೊಳ್ಳೋಣ ಎಂಬುದು. ಮೊದಲನೆಯದು ಕೆಟ್ಟರೆ ಎರಡನೆಯದು ತಾನಾಗಿ ಕೆಡುವುದಿಲ್ಲ. 1996ರ ಮಧ್ಯಸ್ಥಿಕೆ ಕಾಯ್ದೆಯ ಸೆಕ್ಷನ್ 16ರಲ್ಲೇ ಇದು ಬರೆದಿದೆ. ಕರಾರು ಶೂನ್ಯ ಎಂದು ಆರ್ಬಿಟ್ರೇಟರೇ ತೀರ್ಮಾನ ಕೊಟ್ಟರೂ ಆ ಕಲಂ ಅದರ ಜೊತೆಗೇ ಸಾಯುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದು ಗಾದೆ ಹೇಳುವವರೇ, ಮೊದಲೇ ತೋಡಿಟ್ಟ ಹಿತ್ತಲ ಬಾವಿಯನ್ನು ಬೆಂಕಿ ಬಿದ್ದ ದಿನ ಮುಚ್ಚಿಸಲು ನನ್ನ ಹತ್ತಿರ ಬರುತ್ತಾರೆ. ಮನೆ ಸುಟ್ಟಿತು ನಿಜ, ಬಾವಿ ಸುಟ್ಟಿಲ್ಲವಲ್ಲ!

ಇನ್ನೂ ಒಂದು ಮಾತು. 1872ರ ಕರಾರು ಕಾಯ್ದೆಯ ಪ್ರಕಾರ ಮೋಸದಿಂದ ಆದ ಕರಾರು ಹುಟ್ಟುತ್ತಲೇ ಸತ್ತದ್ದಲ್ಲ. ಮೋಸಹೋದವನು ಬೇಡವೆಂದು ತಳ್ಳಿಹಾಕುವವರೆಗೂ ಅದಕ್ಕೆ ಜೀವ ಇರುತ್ತದೆ. ತಳ್ಳಿಹಾಕಿದಿರೋ ಇಲ್ಲವೋ, ತಳ್ಳಿಹಾಕಲು ಕಾರಣ ಇತ್ತೋ ಇಲ್ಲವೋ ಎನ್ನುವುದೇ ನಿಮ್ಮ ಜಗಳ. ಆ ಜಗಳ ಕೇಳಲೆಂದೇ ಆರ್ಬಿಟ್ರೇಟರ್ ಇರುವುದು.

ಈ ಗೊಂದಲ ಜನರ ತಲೆಯಲ್ಲಿ ಮಾತ್ರ ಇತ್ತು ಎಂದರೆ ಅನ್ಯಾಯವಾದೀತು. ನಮ್ಮ ನ್ಯಾಯಾಲಯಗಳೂ ವರ್ಷಗಟ್ಟಲೆ ಅತ್ತಿತ್ತ ತೂಗಿವೆ. ಗಂಭೀರ ವಂಚನೆಯ ಆರೋಪವಿದ್ದರೆ ಕೋರ್ಟೇ ಕೇಳಬೇಕು ಎಂದು 2009ರ ಕೊನೆಯಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಹಿಡಿದುಕೊಂಡು ಊರೂರಿನಲ್ಲಿ ಮಧ್ಯಸ್ಥಿಕೆ ತಪ್ಪಿಸಿಕೊಂಡವರಿದ್ದಾರೆ. ಆಮೇಲೆ 2016ರಲ್ಲಿ ತಿರುನೆಲ್ವೇಲಿಯ ಅಣ್ಣತಮ್ಮಂದಿರ ಹೋಟೆಲ್ ಪ್ರಕರಣ ಬಂತು. ಪಾಲುದಾರಿಕೆಯ ಹೋಟೆಲಿನ ಖಾತೆಯಿಂದ ಒಬ್ಬರು ಮಗನ ಹೆಸರಿಗೆ 10 ಲಕ್ಷದ ಚೆಕ್ ಬರೆದರು ಎಂಬುದು ದೂರು. ಇದು ಲೆಕ್ಕಪತ್ರ ನೋಡಿದರೆ ತೀರುವ ವಿಷಯ, ಮಧ್ಯಸ್ಥಿಕೆಗೇ ಹೋಗಿ ಎಂದಿತು ಸುಪ್ರೀಂ ಕೋರ್ಟ್. 2020ರ ಅವಿಟೆಲ್ ಪ್ರಕರಣವಂತೂ ಹೋಟೆಲಿನ ಚೆಕ್ಕಿಗಿಂತ ಬಹಳ ದೊಡ್ಡದು. ಬಿಬಿಸಿ ತನ್ನ ಚಿತ್ರ ಸಂಗ್ರಹವನ್ನು 3ಡಿಗೆ ಬದಲಾಯಿಸುವ ದೊಡ್ಡ ಗುತ್ತಿಗೆ ಕೊಡಲಿದೆ ಎಂದು ನಂಬಿಸಿ ಎಚ್‌ಎಸ್‌ಬಿಸಿಯ ಅಂಗಸಂಸ್ಥೆಯಿಂದ 6 ಕೋಟಿ ಡಾಲರ್ ಹೂಡಿಕೆ ಪಡೆದದ್ದರ ಮೇಲಿನ ವ್ಯಾಜ್ಯ ಅದು. ಅದೇ ಸಂಗತಿಯ ಮೇಲೆ ಕ್ರಿಮಿನಲ್ ಕೇಸು ಹಾಕಬಹುದು ಎಂಬ ಒಂದೇ ಕಾರಣಕ್ಕೆ ಮಧ್ಯಸ್ಥಿಕೆ ತಪ್ಪುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಯಿತು.

ಹಾಗಾದರೆ ಯಾವಾಗಲೂ ಹೀಗೆಯೇ ಎಂದು ನನ್ನ ಮಾತನ್ನು ಎತ್ತಿ ಹೇಳಬೇಡಿ. ಸಹಿಯೇ ನಿಮ್ಮದಲ್ಲ, ಖೋಟಾ ಎಂದರೆ ಪ್ರಶ್ನೆ ಬೇರೆ. ಆಗ ಬಾವಿ ತೋಡಿಯೇ ಇಲ್ಲ ಎಂದಂತಾಯಿತು. ಮೋಸ ನಿಮ್ಮಿಬ್ಬರ ನಡುವೆ ನಿಲ್ಲದೆ ಸಾರ್ವಜನಿಕರನ್ನೂ ತಟ್ಟುವಂಥದ್ದಾಗಿದ್ದರೂ ಬೇರೆ. ನಿಮ್ಮದು ಯಾವ ಬಗೆಯದು ಎಂಬುದನ್ನು ಕಾಗದ ನೋಡಿದ ವಕೀಲರು ಹೇಳಬೇಕೇ ಹೊರತು ಅಂಕಣ ಅಲ್ಲ.

ಈ ಮಾತು ಲಂಡನ್ನಿನ ಬ್ಯಾರಿಸ್ಟರುಗಳಿಗೂ ಹೊಸದಲ್ಲ. ಲಂಚ ಕೊಟ್ಟು ಹಡಗುಗಳ ಬಾಡಿಗೆ ಕರಾರು ಗಿಟ್ಟಿಸಿದ್ದಾರೆ ಎಂಬ ಆರೋಪದ ಫಿಯೋನಾ ಟ್ರಸ್ಟ್ ಪ್ರಕರಣದಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2007ರಲ್ಲಿ ಇದನ್ನೇ ಹೇಳಿತು: ಲಂಚ ಕರಾರಿಗೆ ಸಂದಿರಬಹುದು, ಮಧ್ಯಸ್ಥಿಕೆಯ ಕಲಮಿಗೇ ಸಂದಿದೆ ಎಂದು ತೋರಿಸಿ. ಮುಖ್ಯ ತೀರ್ಪು ಬರೆದವರು ಲಾರ್ಡ್ ಹಾಫ್ಮನ್. ಮುಂದೆ ನೈಜೀರಿಯಾ ಸರ್ಕಾರದ ವಿರುದ್ಧ 2017ರಲ್ಲಿ 660 ಕೋಟಿ ಡಾಲರಿನ ಅವಾರ್ಡ್, ಅಂದರೆ ಮಧ್ಯಸ್ಥಿಕೆಯ ತೀರ್ಪು, ಕೊಟ್ಟ ಆರ್ಬಿಟ್ರೇಟರುಗಳ ಮಂಡಳಿಯ ಮುಖ್ಯಸ್ಥರೂ ಅವರೇ. ಬಡ್ಡಿ ಸೇರಿ 1,100 ಕೋಟಿ ದಾಟಿದ ಆ ಅವಾರ್ಡನ್ನು 2023ರ ಅಕ್ಟೋಬರಿನಲ್ಲಿ ಲಂಡನ್ನಿನ ನ್ಯಾಯಾಧೀಶರು ವಂಚನೆಯ ಆಧಾರದ ಮೇಲೆ ತೀರಾ ಒಪ್ಪಲಾಗದ್ದೆಂದು ಕಂಡರು. ಅಧಿಕಾರಿಗೆ ಸಂದ ಹಣ, ಸುಳ್ಳು ಸಾಕ್ಷ್ಯ, ನೈಜೀರಿಯಾದ ವಕೀಲರ ಗೋಪ್ಯ ಕಾಗದಗಳು ಎದುರಾಳಿಯ ಕೈಯಲ್ಲಿದ್ದದ್ದು, ಎಲ್ಲಕ್ಕೂ ದಾಖಲೆ ಸಿಕ್ಕಿತ್ತು. ನನ್ನ ಕಕ್ಷಿದಾರರಿಗೆ ನಾನು ತೋರಿಸುವುದು ಈ ದಾಖಲೆಗಳ ಮಾತನ್ನು. ಮೋಸ ಎಂಬ ಪದ ಇಪ್ಪತ್ತು ಸಲ ಬರೆದು ಒಂದು ತಾರೀಖೂ ಇಲ್ಲದ ಅರ್ಜಿ ಯಾರ ಮುಂದೆ ಹೋದರೂ ನಿಲ್ಲದು. ಯಾರು, ಯಾವತ್ತು, ಏನು ಸುಳ್ಳು ಹೇಳಿದರು, ನೀವು ಅದನ್ನು ನಂಬಿ ಏನು ಮಾಡಿದಿರಿ? ಸಿವಿಲ್ ಪ್ರಕ್ರಿಯಾ ಸಂಹಿತೆ ಈ ವಿವರಗಳನ್ನು ಕಡ್ಡಾಯ ಮಾಡಿದೆ. ಆರ್ಬಿಟ್ರೇಟರಿಗೆ ಆ ಸಂಹಿತೆಯ ಕಟ್ಟಿಲ್ಲದಿದ್ದರೂ ಅವರು ಕೇಳುವುದು ಇದನ್ನೇ.

ಪೀಣ್ಯದವರ ಕಥೆಗೆ ಬರೋಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. 48 ಲಕ್ಷ ಕೊಟ್ಟು ಹೊಸದೆಂದು ಕೊಂಡ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರ ಹಳೆಯದು, ನಾಮಫಲಕ ಮಾತ್ರ ಹೊಸದು ಎಂದು ಸರ್ವಿಸ್ ಮಾಡಲು ಬಂದ ಹುಡುಗ ಕಂಡುಹಿಡಿದಿದ್ದ. ಅಪ್ಪಟ ಮೋಸ, ನನಗೆ ಅನುಮಾನವೇ ಇರಲಿಲ್ಲ. ಆದರೆ ಅವರು ಮೊದಲು ಹೋದದ್ದು ಠಾಣೆಗೆ. ಏಳು ತಿಂಗಳು ಓಡಾಡಿಸಿ, ಸಿವಿಲ್ ಸ್ವರೂಪದ್ದು ಎಂದು ಹಿಂಬರಹ ಕೊಟ್ಟು ಕಳಿಸಿದರು. ಆಮೇಲೆ ದಾವೆ. ಎದುರಿನವರು ಮೊದಲ ಉತ್ತರಕ್ಕೂ ಮುನ್ನ ಅದೇ ಮಧ್ಯಸ್ಥಿಕೆ ಕಾಯ್ದೆಯ ಸೆಕ್ಷನ್ 8ರ ಅರ್ಜಿ ಹಾಕಿದರು, ಕೋರ್ಟು ಮಧ್ಯಸ್ಥಿಕೆಗೆ ಕಳಿಸಿತು. ಅಷ್ಟರಲ್ಲಿ ಎರಡು ವರ್ಷ ಎಂಟು ತಿಂಗಳು ಮುಗಿದಿತ್ತು.

ನನಗೆ ಸಿಟ್ಟು ಬರುವುದು ಇಲ್ಲಿ. ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ಮೋಸದ ವಿಷಯದಲ್ಲಿ ಅದು ಗೊತ್ತಾದ ದಿನದಿಂದ, ಅಥವಾ ಕಣ್ಣು ಬಿಟ್ಟು ನೋಡಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ ಎಣಿಕೆ. ತಪ್ಪು ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಕಳೆದ ಸಮಯವನ್ನು ಕೆಲವು ಸಲ ಕಳೆದು ಲೆಕ್ಕ ಹಾಕುತ್ತಾರೆ, ಅದಕ್ಕೂ ವಾದ ಮಾಡಬೇಕು. ಠಾಣೆಯ ಬೆಂಚಿನ ಮೇಲೆ ಕಳೆದ ಏಳು ತಿಂಗಳನ್ನು ಯಾರೂ ಹಿಂದಿರುಗಿಸುವುದಿಲ್ಲ. ಗಡಿಯಾರ ನಿಲ್ಲಿಸುವುದು ಒಂದು ಸಾದಾ ನೋಟಿಸು. ಸೆಕ್ಷನ್ 21ರಡಿ ಮಧ್ಯಸ್ಥಿಕೆ ಕೇಳಿ ಕಳಿಸಿದ ಕಾಗದ ಎದುರಿನವರ ಕೈ ಸೇರಿದ ದಿನ ನಡವಳಿ ಶುರುವಾದಂತೆ. ದುಡ್ಡು ಖಾತೆಯಿಂದ ಖಾಲಿಯಾದೀತು ಎಂಬ ಭಯವಿದ್ದರೆ ಆ ನೋಟಿಸಿಗೂ ಮುಂಚೆಯೇ ಸೆಕ್ಷನ್ 9ರಡಿ ಕೋರ್ಟಿನಿಂದ ತಡೆ ಕೇಳಬಹುದು. ಸಿಕ್ಕರೆ 90 ದಿನದೊಳಗೆ ಮಧ್ಯಸ್ಥಿಕೆ ಶುರು ಮಾಡಬೇಕು. ಪೊಲೀಸರ ಹತ್ತಿರ ಹೋಗಬೇಡಿ ಎನ್ನುತ್ತಿಲ್ಲ. ನೋಟಿಸು ಹಾಕಿ ಹೋಗಿ.

ಕೆದಕಿದರೆ, ಮೋಸದ ವಾದದ ಹಿಂದೆ ಬಹಳ ಸಲ ಇನ್ನೊಂದು ಅಂಜಿಕೆ ಇರುತ್ತದೆ. "ಆರ್ಬಿಟ್ರೇಟರ್ ಅವರ ಕಡೆಯವನೇ ಅಲ್ವಾ ಸಾರ್?" ಈ ಭಯಕ್ಕೆ ಕಾರಣವಿದೆ, ಒಂದೇ ಪಕ್ಷ ತನಗೆ ಬೇಕಾದವರನ್ನು ನೇಮಿಸುವ ಕಲಮುಗಳು ಇವತ್ತಿಗೂ ಕರಾರುಗಳಲ್ಲಿ ತುಂಬಿವೆ. ಅಂಥ ಒಂಟಿ ನೇಮಕಾತಿಯನ್ನು ಸುಪ್ರೀಂ ಕೋರ್ಟ್ 2019ರಿಂದ ಒಪ್ಪುತ್ತಿಲ್ಲ. ಹೈಕೋರ್ಟಿಗೆ ಹೋಗಿ ತಟಸ್ಥರನ್ನು ಕೇಳಬಹುದು. ಈ ಭಯವನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿದರೆ ನಮ್ಮ ಅರ್ಧ ಕೆಲಸ ಹಗುರ.

ನೋಟಿಸು ಹೋಯಿತು, ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರು ಆರ್ಬಿಟ್ರೇಟರ್ ಆದರು. ಮೊದಲ ಬೈಠಕ್ಕಿನ ಹಿಂದಿನ ದಿನ ಆ ಮಾಲೀಕರು ಕಾರ್ಖಾನೆಯ ಡ್ರಾಯರಿನಿಂದ ನಾಲ್ಕು ತುಂಡು ಹೆಕ್ಕಿ, ಸೆಲ್ಲೊಟೇಪ್ ಹಚ್ಚಿಕೊಂಡು ತಂದರು. "ಇಲಿ ಕಡೀತು ಅಂದ್ಬಿಡ್ಲಾ ಸಾರ್?" ಅಂದರು. ಇನ್ನೊಬ್ಬರು ಸುಳ್ಳು ಹೇಳಿದರು ಎಂದು ಸಾಬೀತು ಮಾಡಲು ಹೊರಟವರು! ಬೈದು ಕಳಿಸಿದೆ. ಮರುದಿನ ಆರ್ಬಿಟ್ರೇಟರು ಕನ್ನಡಕ ಏರಿಸಿ ಆ ಪುಟ ತಿರುಗಿಸಿ, "ಏನ್ರೀ ಇದು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಮಾಲೀಕರೇ ಎದ್ದು ನಿಂತು, "ಸಿಟ್ಟಲ್ಲಿ ನಾನೇ ಹರಿದೆ ಸ್ವಾಮಿ" ಅಂದರು. ಎದುರು ಪಕ್ಷದ ವಕೀಲರೂ ನಕ್ಕರು. ಟೇಪ್ ಹಚ್ಚಿದ ಪ್ರತಿಗೇ ನಮ್ಮ ಸಾಕ್ಷ್ಯವಾಗಿ ಸಿ-1 ಎಂದು ಗುರುತು ಬಿತ್ತು.